ರಾಷ್ಟ್ರೀಯ ಕೈಮಗ್ಗ ದಿನ: ಹುಟ್ಟು, ಹಿನ್ನೆಲೆ ಮತ್ತು ಮಹತ್ವ

ಪೀಠಿಕೆ

ಪ್ರತಿ ವರ್ಷ ಆಗಸ್ಟ್ 7ರಂದು ದೇಶದಾದ್ಯಂತ ರಾಷ್ಟ್ರೀಯ ಕೈಮಗ್ಗ ದಿನವನ್ನು ಆಚರಿಸಲಾಗುತ್ತಿದೆ. ಅಂದು ಸಾಧಕ ನೇಕಾರರನ್ನು ಸನ್ಮಾನಿಸುವುದು, ಕೈಮಗ್ಗ ವಸ್ತ್ರಗಳ ಪ್ರದರ್ಶನ ಹಾಗೂ ಮಾರಾಟ ಮೇಳಗಳನ್ನು ಏರ್ಪಡಿಸುವುದು ಮತ್ತು ಸಾರ್ವಜನಿಕರಿಗೆ ನೇಕಾರಿಕೆಯ ಪರಿಚಯ ಮಾಡಿಕೊಡುವುದು ವಾಡಿಕೆಯಾಗಿದೆ. ಈ ಆಚರಣೆಯು 2015ರಲ್ಲಿ ಆರಂಭವಾಯಿತು. ಆದರೆ ಅದಕ್ಕೆ ಆಯ್ದುಕೊಂಡ ದಿನಾಂಕವು 1905ನೇ ಇಸವಿಯ ಒಂದು ಘಟನೆಗೆ ಸಂಬಂಧಿಸಿದುದಾಗಿದೆ.

ಈ ದಿನವು ಯಾವುದೇ ನೇಕಾರರ ಜನ್ಮದಿನವಲ್ಲ. ಯಾವುದೇ ಮಗ್ಗವನ್ನು ಕಂಡುಹಿಡಿದ ದಿನವೂ ಅಲ್ಲ. ಅದು ಬಟ್ಟೆ ಕೊಳ್ಳುವವರು ಒಂದು ನಿರ್ಧಾರವನ್ನು ಕೈಗೊಂಡ ದಿನ. ತಾವು ಏನನ್ನು ಕೊಳ್ಳಬೇಕು, ಏನನ್ನು ಕೊಳ್ಳಬಾರದು ಎಂಬುದನ್ನು ಜನರು ಸಭೆ ಸೇರಿ ತೀರ್ಮಾನಿಸಿದ ದಿನ. ಈ ಅಂಶವನ್ನು ಗಮನದಲ್ಲಿಟ್ಟುಕೊಂಡಲ್ಲಿ ಆಚರಣೆಯ ಉದ್ದೇಶವೂ, ಕೈಮಗ್ಗಕ್ಕೆ ಸಂಬಂಧಿಸಿದ ಕಾಯ್ದೆ, ಗುರುತು ಮತ್ತು ಯೋಜನೆಗಳ ಸ್ವರೂಪವೂ ಸುಲಭವಾಗಿ ಅರ್ಥವಾಗುತ್ತದೆ. ಆದ್ದರಿಂದ ಸಾರ್ವಜನಿಕರ ಹಾಗೂ ಅರ್ಜಿದಾರರ ಮಾಹಿತಿಗಾಗಿ ಈ ದಿನದ ಹಿನ್ನೆಲೆಯನ್ನು ಇಲ್ಲಿ ವಿವರಿಸಲಾಗಿದೆ.

ನೇಕಾರ ಸಮುದಾಯದ ಹಳೆಯ ಹಬ್ಬಗಳು

ಸರ್ಕಾರವು ಕೈಮಗ್ಗ ದಿನವನ್ನು ಘೋಷಿಸುವುದಕ್ಕಿಂತ ಬಹಳ ಹಿಂದಿನಿಂದಲೂ ನೇಕಾರರು ತಮ್ಮ ಕಸುಬನ್ನು ಪೂಜಿಸುತ್ತ ಬಂದಿದ್ದಾರೆ. ಆಯುಧಪೂಜೆಯಂದು ಮಗ್ಗವನ್ನು ತೊಳೆದು, ಲಾಳಿ ಮತ್ತು ಅಚ್ಚುಗಳಿಗೆ ಅರಿಶಿನ ಕುಂಕುಮವಿಟ್ಟು ಪೂಜಿಸುವ ಪದ್ಧತಿ ನೇಕಾರರ ಮನೆಗಳಲ್ಲಿದೆ. ಬಾದಾಮಿಯ ಸಮೀಪದ ಬನಶಂಕರಿ ದೇವಿಯು ದೇವಾಂಗ ಸಮುದಾಯದ ಕುಲದೇವತೆ. ಪುಷ್ಯ ಮಾಸದಲ್ಲಿ ನಡೆಯುವ ಬನಶಂಕರಿ ಜಾತ್ರೆಗೆ ಇಳಕಲ್, ಗುಳೇದಗುಡ್ಡ ಮುಂತಾದ ನೇಕಾರಿಕೆಯ ಊರುಗಳಿಂದ ಭಕ್ತರು ಬರುತ್ತಾರೆ. ದೇವತೆಗಳಿಗೆ ಮೊದಲು ವಸ್ತ್ರವನ್ನು ಒದಗಿಸಿದವನು ದೇವಲ ಮಹರ್ಷಿ ಎಂಬುದು ಆ ಸಮುದಾಯದ ಐತಿಹ್ಯ.

ವಚನಕಾರರಲ್ಲಿ ಹಿರಿಯನಾದ ದೇವರ ದಾಸಿಮಯ್ಯನು ವೃತ್ತಿಯಿಂದ ನೇಕಾರ. ಆತನ ಊರು ಈಗಿನ ಯಾದಗಿರಿ ಜಿಲ್ಲೆಯ ಮುದನೂರು. ವಚನಗಳ ಅಂಕಿತ ರಾಮನಾಥ. ತಾನು ನೇಯ್ದು ಮಾರಲು ತಂದ ವಸ್ತ್ರವನ್ನು ದಾಸಿಮಯ್ಯನು ಜಂಗಮನೊಬ್ಬನಿಗೆ ದಾನವಾಗಿ ಕೊಟ್ಟನೆಂದೂ, ಅದಕ್ಕೆ ಪ್ರತಿಯಾಗಿ ಬರಿದಾಗದ ತವನಿಧಿಯನ್ನು ಶಿವನು ಅನುಗ್ರಹಿಸಿದನೆಂದೂ ಐತಿಹ್ಯವಿದೆ. ದೇವರ ದಾಸಿಮಯ್ಯ ಜಯಂತಿಯನ್ನು ರಾಜ್ಯ ಸರ್ಕಾರದ ವತಿಯಿಂದ ಆಚರಿಸಲಾಗುತ್ತದೆ.

ಈ ಹಬ್ಬಗಳು ನೇಯುವವರ ಹಬ್ಬಗಳು. ಆಗಸ್ಟ್ 7ರ ದಿನವಾದರೋ ನೇಯುವವರನ್ನೂ ಕೊಳ್ಳುವವರನ್ನೂ ಒಂದೆಡೆ ಸೇರಿಸುವ ಉದ್ದೇಶದ್ದು. ಇವೆರಡರ ನಡುವಿನ ವ್ಯತ್ಯಾಸಕ್ಕೆ ಕಾರಣವು ವಂಗಭಂಗ ಚಳವಳಿಯ ಇತಿಹಾಸದಲ್ಲಿದೆ.

1905ರ ಆಗಸ್ಟ್ 7: ಕಲ್ಕತ್ತೆಯ ಪುರಭವನದ ಸಭೆ

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಗಿರಣಿ ಬಟ್ಟೆಯು ಭಾರತದ ಮಾರುಕಟ್ಟೆಯನ್ನು ವ್ಯಾಪಿಸಿತು. ಹಿಂದೆ ಹೊರದೇಶಗಳಿಗೆ ಹತ್ತಿ ಬಟ್ಟೆಯನ್ನು ಕಳುಹಿಸುತ್ತಿದ್ದ ದೇಶವು ಮ್ಯಾಂಚೆಸ್ಟರ್ ಬಟ್ಟೆಯ ದೊಡ್ಡ ಗಿರಾಕಿಯಾಗಿ ಮಾರ್ಪಟ್ಟಿತು. ಅನೇಕ ಕಡೆಗಳಲ್ಲಿ ನೇಕಾರರು ಕಸುಬನ್ನು ಬಿಟ್ಟು ಕೂಲಿಗೆ ಹೋಗಬೇಕಾಯಿತು.

ಇಂತಹ ಸಂದರ್ಭದಲ್ಲಿ ವೈಸರಾಯ್ ಲಾರ್ಡ್ ಕರ್ಜನ್‌ನ ಸರ್ಕಾರವು 1905ರ ಜುಲೈನಲ್ಲಿ ಬಂಗಾಳ ಪ್ರಾಂತವನ್ನು ವಿಭಜಿಸುವ ತೀರ್ಮಾನವನ್ನು ಪ್ರಕಟಿಸಿತು. ಮನವಿ, ಸಭೆ, ಪತ್ರಗಳಿಂದ ಸರ್ಕಾರದ ಮನಸ್ಸನ್ನು ಬದಲಿಸಲು ಸಾಧ್ಯವಾಗಿರಲಿಲ್ಲ. ಬ್ರಿಟಿಷ್ ವಸ್ತುಗಳನ್ನು ಬಹಿಷ್ಕರಿಸಬೇಕೆಂಬ ಸಲಹೆಯನ್ನು ಕೃಷ್ಣಕುಮಾರ ಮಿತ್ರರ ‘ಸಂಜೀವನಿ’ ವಾರಪತ್ರಿಕೆಯು ಅದೇ ಜುಲೈ ತಿಂಗಳಲ್ಲಿ ಮುಂದಿಟ್ಟಿತು. ಆಗಸ್ಟ್ 7ರಂದು ಕಲ್ಕತ್ತೆಯ ಪುರಭವನದಲ್ಲಿ ಕಾಸಿಂಬಜಾರಿನ ಮಹಾರಾಜ ಮಣೀಂದ್ರಚಂದ್ರ ನಂದಿಯವರ ಅಧ್ಯಕ್ಷತೆಯಲ್ಲಿ ಬೃಹತ್ ಸಭೆ ಸೇರಿ, ವಿಭಜನೆಯನ್ನು ಪ್ರತಿಭಟಿಸುವ ಸಲುವಾಗಿ ಬ್ರಿಟಿಷ್ ಸರಕುಗಳ ಬಹಿಷ್ಕಾರವನ್ನು ಬೆಂಬಲಿಸುವ ನಿರ್ಣಯವನ್ನು ಅಂಗೀಕರಿಸಲಾಯಿತು. ಸ್ವದೇಶಿ ಚಳವಳಿಯು ವಿಧ್ಯುಕ್ತವಾಗಿ ಆರಂಭವಾದುದು ಈ ಸಭೆಯಿಂದ ಎಂದು ಪರಿಗಣಿಸಲಾಗಿದೆ.

ವಿಭಜನೆಯು 1905ರ ಅಕ್ಟೋಬರ್ 16ರಂದು ಜಾರಿಗೆ ಬಂದಿತು. ಅನಂತರದ ದಿನಗಳಲ್ಲಿ ವಿದೇಶಿ ಬಟ್ಟೆಯ ಅಂಗಡಿಗಳ ಮುಂದೆ ಸ್ವಯಂಸೇವಕರು ನಿಂತು ಕೊಳ್ಳದಂತೆ ಜನರಲ್ಲಿ ವಿನಂತಿಸಿದರು; ಅನೇಕ ಕಡೆಗಳಲ್ಲಿ ವಿದೇಶಿ ವಸ್ತ್ರಗಳನ್ನು ಸುಡಲಾಯಿತು. ಕಾಂಗ್ರೆಸ್ಸಿನ 1906ರ ಕಲ್ಕತ್ತ ಅಧಿವೇಶನವು ದಾದಾಭಾಯಿ ನವರೋಜಿಯವರ ಅಧ್ಯಕ್ಷತೆಯಲ್ಲಿ ಸ್ವದೇಶಿ ಮತ್ತು ಬಹಿಷ್ಕಾರಗಳ ಪರವಾಗಿ ನಿರ್ಣಯಗಳನ್ನು ಕೈಗೊಂಡಿತು. ಬಾಲ ಗಂಗಾಧರ ತಿಲಕರ ಪ್ರಭಾವದಿಂದ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಾದ ಬೆಳಗಾವಿ, ಧಾರವಾಡಗಳಲ್ಲಿಯೂ ಚಳವಳಿ ಹರಡಿತು. ಬಂಗಾಳದ ವಿಭಜನೆಯನ್ನು ರದ್ದುಪಡಿಸುವ ಘೋಷಣೆಯು 1911ರ ಡಿಸೆಂಬರ್‌ನಲ್ಲಿ ದೆಹಲಿ ದರ್ಬಾರಿನಲ್ಲಿ ಹೊರಬಿದ್ದಿತು.

ನಿರ್ಣಯವು ಕೇಳಿದ ಪ್ರಶ್ನೆ

1905ರ ನಿರ್ಣಯವು ಕೈಮಗ್ಗದ ಬಟ್ಟೆಯನ್ನೇ ಕೊಳ್ಳಬೇಕೆಂದು ವಿಧಿಸಲಿಲ್ಲ ಎಂಬುದನ್ನು ಇಲ್ಲಿ ಗಮನಿಸುವುದು ಅವಶ್ಯ. ಅಂದು ಕೊಳ್ಳುವವರ ಮುಂದೆ ಇದ್ದುದು ಒಂದೇ ಪ್ರಶ್ನೆ: ಬಟ್ಟೆಯು ಯಾವ ದೇಶದ್ದು? ಸ್ವದೇಶದ್ದಾದರೆ ಅದು ಗಿರಣಿಯದ್ದಾಗಿರಲಿ, ಕೈಮಗ್ಗದ್ದಾಗಿರಲಿ ಸ್ವೀಕಾರಾರ್ಹವಾಗಿತ್ತು. ಇದರಿಂದ ಮುಂಬಯಿ ಮತ್ತು ಅಹಮದಾಬಾದಿನ ಗಿರಣಿಗಳಿಗೆ ಹೆಚ್ಚಿನ ಬೇಡಿಕೆ ದೊರೆಯಿತು. ಬಂಗಾಳದ ಕೈಮಗ್ಗಗಳಿಗೂ ಪುನಶ್ಚೇತನ ಉಂಟಾಯಿತು. ಆದರೆ ಅನೇಕ ಕೈಮಗ್ಗ ನೇಕಾರರು ಸಣ್ಣ ನೂಲಿಗಾಗಿ ಆಮದನ್ನೇ ನೆಚ್ಚಿಕೊಂಡಿದ್ದುದರಿಂದ, ಬಟ್ಟೆ ಸ್ವದೇಶದ್ದಾದರೂ ನೂಲು ಪರದೇಶದ್ದು ಎಂಬ ತೊಡಕು ಅಂದೇ ಕಾಣಿಸಿಕೊಂಡಿತ್ತು.

ಈ ತೊಡಕಿಗೆ ಮಹಾತ್ಮ ಗಾಂಧಿಯವರು ಸೂಚಿಸಿದ ಪರಿಹಾರವೇ ಖಾದಿ. ನೂಲನ್ನೂ ಕೈಯಿಂದಲೇ ತೆಗೆದು, ಬಟ್ಟೆಯನ್ನೂ ಕೈಯಿಂದಲೇ ನೇಯಬೇಕೆಂಬುದು ಅದರ ನಿಯಮ. 1924ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ಅವರ ಅಧ್ಯಕ್ಷತೆಯಲ್ಲಿ ಜರುಗಿದ ಕಾಂಗ್ರೆಸ್ ಅಧಿವೇಶನವು ಸದಸ್ಯತ್ವಕ್ಕೆ ತಿಂಗಳಿಗೆ 2,000 ಗಜ ಕೈನೂಲನ್ನು ಸಲ್ಲಿಸುವ ಪದ್ಧತಿಗೆ ಒಪ್ಪಿಗೆ ನೀಡಿತು. ಮರುವರ್ಷ, ಅಂದರೆ 1925ರಲ್ಲಿ, ಅಖಿಲ ಭಾರತ ಚರಕ ಸಂಘವು ಸ್ಥಾಪನೆಯಾಯಿತು. ಮೈಸೂರು ಸಂಸ್ಥಾನದಲ್ಲಿ ನಂಜನಗೂಡು ತಾಲ್ಲೂಕಿನ ಬದನವಾಳು ಖಾದಿ ಕೇಂದ್ರವು ಹೆಸರಾಯಿತು. ಧಾರವಾಡ ಜಿಲ್ಲೆಯ ಗರಗ ಗ್ರಾಮವು ರಾಷ್ಟ್ರಧ್ವಜದ ಖಾದಿ ಬಟ್ಟೆಗೆ ಪ್ರಸಿದ್ಧವಾಯಿತು.

ಖಾದಿ ಮತ್ತು ಕೈಮಗ್ಗಗಳ ನಡುವಿನ ವ್ಯತ್ಯಾಸವನ್ನು ಅರ್ಜಿದಾರರು ತಿಳಿದಿರುವುದು ಒಳ್ಳೆಯದು. ಖಾದಿಯಲ್ಲಿ ನೂಲುವುದೂ ನೇಯುವುದೂ ಕೈಕೆಲಸ. ಕೈಮಗ್ಗದ ಬಟ್ಟೆಯಲ್ಲಿ ನೂಲು ಗಿರಣಿಯದ್ದಾಗಿರಬಹುದು. ನೇಯ್ಗೆ ಮಾತ್ರ ಕೈಯದ್ದಾಗಿರಬೇಕು.

ಸ್ವಾತಂತ್ರ್ಯಾನಂತರದ ಬದಲಾವಣೆ

ಸ್ವಾತಂತ್ರ್ಯ ಬಂದ ಮೇಲೆ ಕೈಮಗ್ಗದ ಎದುರಾಳಿ ಬದಲಾಯಿತು. ಮ್ಯಾಂಚೆಸ್ಟರಿನ ಸ್ಥಾನಕ್ಕೆ ಸ್ವದೇಶದ ಗಿರಣಿಯೂ, ಬಳಿಕ ವಿದ್ಯುತ್ ಮಗ್ಗವೂ ಬಂದವು. ವಿದ್ಯುತ್ ಮಗ್ಗದ ಬಟ್ಟೆಯೂ ಸ್ವದೇಶಿಯೇ; ಅದನ್ನು ನೇಯುವವರೂ ಬಹುಪಾಲು ನೇಕಾರ ಕುಟುಂಬಗಳವರೇ. ಹೀಗಾಗಿ 1905ರ ಪ್ರಶ್ನೆಯನ್ನು ಮತ್ತೆ ಕೇಳಿದರೆ ಕೈಮಗ್ಗಕ್ಕೆ ಉತ್ತರ ದೊರೆಯುವುದಿಲ್ಲ. ಈಗ ಕೇಳಬೇಕಾದುದು ಬಟ್ಟೆಯು ಯಾವ ದೇಶದ್ದೆಂದಲ್ಲ, ಯಾವ ಮಗ್ಗದ್ದೆಂದು.

ಇದಕ್ಕೆ ಕರ್ನಾಟಕದಲ್ಲಿಯೇ ಉತ್ತಮ ಉದಾಹರಣೆಯಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಸ್ವಿಟ್ಜರ್ಲೆಂಡಿನಿಂದ ತರಿಸಿದ ಮಗ್ಗಗಳೊಂದಿಗೆ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಆರಂಭವಾಯಿತು. ಅಲ್ಲಿನ ಮೈಸೂರು ರೇಷ್ಮೆ ಸೀರೆಯು ನಾಡಿನ ಹೆಮ್ಮೆಯ ಉತ್ಪನ್ನ. ಭೌಗೋಳಿಕ ಸೂಚಿಯ ನೋಂದಣಿಯನ್ನೂ ಪಡೆದಿದೆ. ಆದರೆ ಅದು ಯಂತ್ರಚಾಲಿತ ಮಗ್ಗದಲ್ಲಿ ನೇಯುವ ಸೀರೆ; ಕೈಮಗ್ಗದ ಸೀರೆಯಲ್ಲ. ಹೆಸರಾಂತ ಊರಿನ ಹೆಸರಾಗಲಿ, ರೇಷ್ಮೆಯ ಶುದ್ಧತೆಯಾಗಲಿ ಬಟ್ಟೆಯು ಕೈಮಗ್ಗದ್ದೆಂಬುದಕ್ಕೆ ಆಧಾರವಾಗದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ವ್ಯತ್ಯಾಸವನ್ನು ಕಾಪಾಡುವ ಸಲುವಾಗಿ ಕಾಲಕಾಲಕ್ಕೆ ಕೈಗೊಂಡ ಕ್ರಮಗಳಲ್ಲಿ ಮುಖ್ಯವಾದವು ಇವು.

1. 1952ರಲ್ಲಿ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನು ರಚಿಸಲಾಯಿತು. ಕಾಲಾನಂತರದಲ್ಲಿ ಮರುರಚನೆಗೊಂಡಿದ್ದ ಈ ಮಂಡಳಿಯನ್ನು 2020ರಲ್ಲಿ ರದ್ದುಪಡಿಸಲಾಯಿತು.

2. 1975ರಲ್ಲಿ ಕೇಂದ್ರ ಸರ್ಕಾರದಲ್ಲಿ ಕೈಮಗ್ಗ ಅಭಿವೃದ್ಧಿ ಆಯುಕ್ತರ ಕಚೇರಿಯು ಸ್ಥಾಪನೆಯಾಯಿತು. ಅದೇ ವರ್ಷ ರಾಜ್ಯದಲ್ಲಿ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮವು ಅಸ್ತಿತ್ವಕ್ಕೆ ಬಂದಿತು. ನಿಗಮದ ಮಾರಾಟ ಮಳಿಗೆಗಳು ‘ಪ್ರಿಯದರ್ಶಿನಿ’ ಎಂಬ ಹೆಸರಿನಿಂದ ಪರಿಚಿತವಾಗಿವೆ.

3. 1985ರಲ್ಲಿ ಕೈಮಗ್ಗಗಳ (ಉತ್ಪಾದನೆಗಾಗಿ ವಸ್ತುಗಳ ಮೀಸಲಾತಿ) ಅಧಿನಿಯಮವನ್ನು ಸಂಸತ್ತು ಅಂಗೀಕರಿಸಿತು. ಇದರ ಸಿಂಧುತ್ವವನ್ನು ಸರ್ವೋಚ್ಚ ನ್ಯಾಯಾಲಯವು 1993ರಲ್ಲಿ ಎತ್ತಿಹಿಡಿಯಿತು. ಮೊದಲು 22 ಬಗೆಯ ವಸ್ತುಗಳನ್ನು ಕೈಮಗ್ಗಕ್ಕೆ ಮೀಸಲಿಡಲಾಗಿತ್ತು. ಅನಂತರ ಪಟ್ಟಿಯನ್ನು 11ಕ್ಕೆ ಇಳಿಸಲಾಯಿತು. ನಿಗದಿತ ಲಕ್ಷಣಗಳುಳ್ಳ ಸೀರೆ, ಧೋತರ, ಟವೆಲ್, ಲುಂಗಿ, ಹಾಸಿಗೆ ಹೊದಿಕೆ, ಜಮಖಾನ, ಕಂಬಳಿ, ಶಾಲು ಮುಂತಾದವು ಈ ಪಟ್ಟಿಯಲ್ಲಿವೆ.

4. 2006ರಲ್ಲಿ ‘ಹ್ಯಾಂಡ್‌ಲೂಮ್ ಮಾರ್ಕ್’ ಎಂಬ ಗುರುತನ್ನು ಜಾರಿಗೆ ತರಲಾಯಿತು. ಬಟ್ಟೆಯು ಕೈಮಗ್ಗದಲ್ಲಿಯೇ ನೇಯ್ದದ್ದೆಂದು ಕೊಳ್ಳುವವರಿಗೆ ಖಚಿತಪಡಿಸುವುದು ಈ ಗುರುತಿನ ಉದ್ದೇಶ.

ಮೇಲ್ಕಂಡ 1985ರ ಅಧಿನಿಯಮದಲ್ಲಿ ಕೈಮಗ್ಗ ಎಂದರೆ ವಿದ್ಯುತ್ ಮಗ್ಗವಲ್ಲದ ಯಾವುದೇ ಮಗ್ಗ ಎಂದು ಸರಳವಾಗಿ ಅರ್ಥೈಸಲಾಗಿದೆ. ಈ ಒಂದು ವಾಕ್ಯದ ಮೇಲೆಯೇ ಮೀಸಲಾತಿಯೂ, ಗುರುತೂ, ಅನೇಕ ಯೋಜನೆಗಳ ಅರ್ಹತೆಯೂ ನಿಂತಿವೆ.

ರಾಷ್ಟ್ರೀಯ ಕೈಮಗ್ಗ ದಿನದ ಘೋಷಣೆ

ಕೇಂದ್ರ ಸರ್ಕಾರವು 2015ರ ಜುಲೈನಲ್ಲಿ ಅಧಿಸೂಚನೆಯ ಮೂಲಕ ಆಗಸ್ಟ್ 7ನ್ನು ರಾಷ್ಟ್ರೀಯ ಕೈಮಗ್ಗ ದಿನವೆಂದು ಘೋಷಿಸಿತು. ಪ್ರಥಮ ಆಚರಣೆಯನ್ನು 2015ರ ಆಗಸ್ಟ್ 7ರಂದು ಚೆನ್ನೈನಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಶತಮಾನೋತ್ಸವ ಸಭಾಂಗಣದಲ್ಲಿ ಪ್ರಧಾನ ಮಂತ್ರಿ ಶ್ರೀ ನರೇಂದ್ರ ಮೋದಿಯವರು ಉದ್ಘಾಟಿಸಿದರು. ಉತ್ತಮ ಗುಣಮಟ್ಟದ ಕೈಮಗ್ಗ ವಸ್ತ್ರಗಳಿಗಾಗಿ ‘ಇಂಡಿಯಾ ಹ್ಯಾಂಡ್‌ಲೂಮ್ ಬ್ರ್ಯಾಂಡ್’ ಎಂಬ ಮುದ್ರೆಯನ್ನು ಅಂದೇ ಬಿಡುಗಡೆ ಮಾಡಲಾಯಿತು. ನೇಕಾರರನ್ನು ಗೌರವಿಸುವ ದಿನದಂದೇ ಕೊಳ್ಳುವವರಿಗಾಗಿ ಒಂದು ಗುರುತನ್ನು ನೀಡಿದುದು 1905ರ ನಿರ್ಣಯದ ಆಶಯಕ್ಕೆ ಅನುಗುಣವಾಗಿತ್ತು.

ಬಳಿಕ ಮುಖ್ಯ ಕಾರ್ಯಕ್ರಮಗಳು 2016ರಲ್ಲಿ ವಾರಾಣಸಿ, 2017ರಲ್ಲಿ ಗುವಾಹಟಿ, 2018ರಲ್ಲಿ ಜೈಪುರ ಮತ್ತು 2019ರಲ್ಲಿ ಭುವನೇಶ್ವರದಲ್ಲಿ ಜರುಗಿದವು. ಇವೆಲ್ಲವೂ ತಮ್ಮ ನೇಯ್ಗೆಗೆ ಅಥವಾ ಸುತ್ತಲಿನ ಪ್ರದೇಶದ ನೇಯ್ಗೆಗೆ ಹೆಸರಾದ ನಗರಗಳು. ಕೋವಿಡ್ ಸೋಂಕಿನ ಕಾರಣ 2020ರಲ್ಲಿ ಕಾರ್ಯಕ್ರಮವನ್ನು ಅಂತರ್ಜಾಲದ ಮೂಲಕ ನಡೆಸಲಾಯಿತು.

ಶ್ರೇಷ್ಠ ನೇಕಾರರಿಗೆ ಸಂತ ಕಬೀರ ಪ್ರಶಸ್ತಿ ಹಾಗೂ ರಾಷ್ಟ್ರೀಯ ಕೈಮಗ್ಗ ಪ್ರಶಸ್ತಿಗಳನ್ನು ಈ ಸಂದರ್ಭದಲ್ಲಿ ಪ್ರದಾನ ಮಾಡಲಾಗುತ್ತದೆ. ಮಹಿಳಾ ನೇಕಾರರಿಗಾಗಿ ಕಮಲಾದೇವಿ ಚಟ್ಟೋಪಾಧ್ಯಾಯ ಅವರ ಹೆಸರಿನ ಪ್ರಶಸ್ತಿಗಳನ್ನೂ ಸ್ಥಾಪಿಸಲಾಗಿದೆ. ಮಂಗಳೂರಿನಲ್ಲಿ 1903ರಲ್ಲಿ ಜನಿಸಿದ ಕಮಲಾದೇವಿಯವರು ಸ್ವಾತಂತ್ರ್ಯಾನಂತರ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷರಾಗಿ ದೇಶದ ಕೈಕಸುಬುಗಳ ಪುನರುಜ್ಜೀವನಕ್ಕೆ ದುಡಿದವರು.

ಆಚರಣೆಯ ಅಗತ್ಯ: ಅಂಕಿ ಅಂಶಗಳು

ಕೈಮಗ್ಗ ಕ್ಷೇತ್ರದಲ್ಲಿ ದುಡಿಯುತ್ತಿರುವವರ ಗಣತಿಯನ್ನು ಇದುವರೆಗೆ ನಾಲ್ಕು ಬಾರಿ ನಡೆಸಲಾಗಿದೆ. ನೇಕಾರರು ಮತ್ತು ಪೂರಕ ಕೆಲಸಗಾರರ ಒಟ್ಟು ಸಂಖ್ಯೆಯು 1995-96ರ ಗಣತಿಯಲ್ಲಿ ಸುಮಾರು 65.5 ಲಕ್ಷ, 2009-10ರ ಗಣತಿಯಲ್ಲಿ 43.31 ಲಕ್ಷ ಹಾಗೂ 2019-20ರ ಗಣತಿಯಲ್ಲಿ 35.22 ಲಕ್ಷ ಎಂದು ದಾಖಲಾಗಿದೆ. ಅಂದರೆ ಸುಮಾರು 24 ವರ್ಷಗಳ ಅವಧಿಯಲ್ಲಿ 30 ಲಕ್ಷ ಮಂದಿ ಕಡಿಮೆಯಾಗಿದ್ದಾರೆ.

2019-20ರ 35.22 ಲಕ್ಷ ಮಂದಿಯಲ್ಲಿ 26.73 ಲಕ್ಷ ಮಂದಿ ನೇಕಾರರು, 8.48 ಲಕ್ಷ ಮಂದಿ ಪೂರಕ ಕೆಲಸಗಾರರು. ಒಟ್ಟು ಸಂಖ್ಯೆಯ ಶೇ. 72ರಷ್ಟು ಮಹಿಳೆಯರಾಗಿದ್ದಾರೆ. ನೂಲು ಸುತ್ತುವುದು, ಹಾಸು ಹೂಡುವುದು, ಬಣ್ಣ ಹಾಕುವುದು, ಗಂಜಿ ಕೊಡುವುದು ಮುಂತಾದ ಕೆಲಸಗಳು ನಡೆಯದೆ ಮಗ್ಗ ಆಡುವಂತಿಲ್ಲ. ಒಂದು ಮಗ್ಗ ನಿಂತಲ್ಲಿ ಮಗ್ಗದ ಮೇಲೆ ಕುಳಿತವರ ಕೂಲಿಯಷ್ಟೇ ಅಲ್ಲ, ಈ ಕೆಲಸಗಳನ್ನು ಮಾಡುವ ಮನೆಮಂದಿಯ ದುಡಿಮೆಯೂ ನಿಲ್ಲುತ್ತದೆ. ಮಗ್ಗ ಬಿಟ್ಟವರ ಮಕ್ಕಳು ಮತ್ತೆ ಮಗ್ಗಕ್ಕೆ ಬರುವುದು ವಿರಳ. ಕಸುಬಿನ ಜ್ಞಾನವು ಪುಸ್ತಕಗಳಲ್ಲಿರದೆ ಕೈಗಳಲ್ಲಿರುವುದರಿಂದ ಒಂದು ತಲೆಮಾರು ಕಳೆದ ನಂತರ ಅದನ್ನು ಮರಳಿ ಪಡೆಯುವುದು ಕಷ್ಟಸಾಧ್ಯ.

ರಾಜ್ಯದ ಒಂದು ನಿದರ್ಶನ: ಇಳಕಲ್ ಸೀರೆ

ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆಯಲ್ಲಿ ಒಡಲು ಮತ್ತು ಸೆರಗುಗಳ ಹಾಸನ್ನು ಬೇರೆ ಬೇರೆಯಾಗಿ ಸಿದ್ಧಪಡಿಸಿ, ಎರಡೂ ಹಾಸಿನ ಎಳೆಗಳನ್ನು ಕುಣಿಕೆಗಳ ಮೂಲಕ ಒಂದಕ್ಕೊಂದು ಸೇರಿಸಲಾಗುತ್ತದೆ. ಇದಕ್ಕೆ ಸ್ಥಳೀಯವಾಗಿ ಕೊಂಡಿ ಎಂದು ಹೆಸರು. ಈ ವಿಧಾನದಿಂದ ಹತ್ತಿಯ ಒಡಲಿಗೆ ರೇಷ್ಮೆಯ ಸೆರಗನ್ನು ಜೋಡಿಸಲು ಸಾಧ್ಯವಾಗುತ್ತದೆ. ಬಿಳಿಯ ವಿನ್ಯಾಸವುಳ್ಳ ಕೆಂಪು ಸೆರಗು ಈ ಸೀರೆಯ ಲಕ್ಷಣ. ಎಳೆಎಳೆಯಾಗಿ ಕೊಂಡಿ ಹಾಕುವ ಕೆಲಸಕ್ಕೆ ತಾಳ್ಮೆಯೂ ಮತ್ತೊಬ್ಬರ ನೆರವೂ ಬೇಕಾಗುತ್ತದೆ.

ಇಷ್ಟು ಶ್ರಮದಿಂದ ನೇಯ್ದ ಸೀರೆಯ ಬಣ್ಣ ಮತ್ತು ಅಂಚನ್ನು ವಿದ್ಯುತ್ ಮಗ್ಗದಲ್ಲಿ ಅನುಕರಿಸುವುದು ಕಷ್ಟವಲ್ಲ. ಕೈಮಗ್ಗದಲ್ಲಿ ಒಂದು ಸೀರೆ ಸಿದ್ಧವಾಗುವುದರೊಳಗೆ ವಿದ್ಯುತ್ ಮಗ್ಗದಿಂದ ಹಲವು ಸೀರೆಗಳು ಹೊರಬರುತ್ತವೆ, ಬೆಲೆಯೂ ಕಡಿಮೆ. ಅಂತಹ ಸೀರೆಯನ್ನು ವಿದ್ಯುತ್ ಮಗ್ಗದ್ದೆಂದೇ ಹೇಳಿ ಮಾರಿದರೆ ತಪ್ಪಿಲ್ಲ. ಕಡಿಮೆ ಬೆಲೆಗೆ ಬಯಸುವವರು ಅದನ್ನು ಕೊಳ್ಳಬಹುದು. ಕೈಮಗ್ಗದ್ದೆಂದು ಹೇಳಿ ಮಾರಿದಾಗ ಮಾತ್ರ ಇಬ್ಬರಿಗೆ ನಷ್ಟವಾಗುತ್ತದೆ. ಕೊಂಡವರು ಇಲ್ಲದ ಶ್ರಮಕ್ಕೆ ಹಣ ತೆರುತ್ತಾರೆ. ಶ್ರಮಿಸಿದವರಿಗೆ ಆ ಹಣ ತಲುಪುವುದಿಲ್ಲ.

ಇಳಕಲ್ ಸೀರೆ, ಮೊಳಕಾಲ್ಮೂರು ಸೀರೆ, ಉಡುಪಿ ಸೀರೆ, ಗುಳೇದಗುಡ್ಡ ಖಣ ಮುಂತಾದ ರಾಜ್ಯದ ನೇಯ್ಗೆಗಳಿಗೆ ಭೌಗೋಳಿಕ ಸೂಚಿಯ ನೋಂದಣಿ ದೊರೆತಿದೆ. 1999ರ ಸಂಬಂಧಿತ ಅಧಿನಿಯಮವು 2003ರ ಸೆಪ್ಟೆಂಬರ್ 15ರಿಂದ ಜಾರಿಯಲ್ಲಿದ್ದು, ಪ್ರತಿ ನೋಂದಣಿಯು 10 ವರ್ಷಗಳ ಅವಧಿಯದ್ದಾಗಿರುತ್ತದೆ ಹಾಗೂ ನವೀಕರಣಕ್ಕೆ ಅವಕಾಶವಿದೆ.

ಕೊಳ್ಳುವವರ ಗಮನಕ್ಕೆ

ಕೈಮಗ್ಗದ ಬಟ್ಟೆಯನ್ನು ಕಣ್ಣಿನಿಂದಲೇ ಗುರುತಿಸುವುದು ಎಲ್ಲ ಸಂದರ್ಭಗಳಲ್ಲಿಯೂ ಸುಲಭವಲ್ಲ. ಹೊಕ್ಕಿನ ಎಳೆಗಳಲ್ಲಿ ಅಲ್ಪಸ್ವಲ್ಪ ಏರಿಳಿತ ಕಾಣುವುದು ಕೈನೇಯ್ಗೆಯ ಸಾಮಾನ್ಯ ಲಕ್ಷಣವಾದರೂ, ಅದೊಂದನ್ನೇ ನೆಚ್ಚಿ ತೀರ್ಮಾನಿಸುವಂತಿಲ್ಲ. ನುರಿತ ನೇಕಾರರ ಬಟ್ಟೆಯಲ್ಲಿ ಅಂತಹ ಏರಿಳಿತ ಕಾಣದಿರಬಹುದು. ಆದ್ದರಿಂದ ಈ ಕೆಳಕಂಡ ಅಂಶಗಳನ್ನು ಪರಿಶೀಲಿಸುವುದು ಉಚಿತ.

1. ಬಟ್ಟೆಯ ಮೇಲೆ ಹ್ಯಾಂಡ್‌ಲೂಮ್ ಮಾರ್ಕ್ ಅಥವಾ ಇಂಡಿಯಾ ಹ್ಯಾಂಡ್‌ಲೂಮ್ ಬ್ರ್ಯಾಂಡ್ ಚೀಟಿ ಇದೆಯೇ ಎಂದು ನೋಡುವುದು.

2. ಸಿಲ್ಕ್ ಮಾರ್ಕ್ ಗುರುತು ರೇಷ್ಮೆಯ ಶುದ್ಧತೆಗೆ ಸಂಬಂಧಿಸಿದುದೇ ಹೊರತು ಮಗ್ಗದ ಬಗೆಗೆ ಸಂಬಂಧಿಸಿದುದಲ್ಲ ಎಂಬುದನ್ನು ನೆನಪಿಡುವುದು.

3. ಇಳಕಲ್ ಸೀರೆಯಲ್ಲಿ ಒಡಲು ಮತ್ತು ಸೆರಗು ಕೂಡುವಲ್ಲಿ ಕೊಂಡಿಯ ಸಾಲನ್ನು ಹಿಂಬದಿಯಿಂದಲೂ ಗಮನಿಸುವುದು.

4. ನೇಕಾರರ ಸಹಕಾರ ಸಂಘಗಳು, ನಿಗಮದ ಮಳಿಗೆಗಳು ಮತ್ತು ಸರ್ಕಾರಿ ಮೇಳಗಳಲ್ಲಿ ಖರೀದಿಸಿದಾಗ ರಸೀದಿಯನ್ನು ಪಡೆದು ಇಟ್ಟುಕೊಳ್ಳುವುದು.

ಅರ್ಜಿದಾರರ ಗಮನಕ್ಕೆ

ಸೌಲಭ್ಯಗಳಿಗಾಗಿ ಅರ್ಜಿ ಸಲ್ಲಿಸುವ ನೇಕಾರರು ಮೊದಲು ತಾವು ಕೈಮಗ್ಗದ ವರ್ಗಕ್ಕೆ ಸೇರುವರೋ, ವಿದ್ಯುತ್ ಮಗ್ಗದ ವರ್ಗಕ್ಕೆ ಸೇರುವರೋ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಎರಡೂ ವರ್ಗಗಳ ಯೋಜನೆಗಳು ಬೇರೆ ಬೇರೆ. ಒಂದೇ ಕುಟುಂಬದಲ್ಲಿ ಎರಡೂ ಬಗೆಯ ಮಗ್ಗಗಳಿದ್ದಲ್ಲಿ ಯಾವ ಮಗ್ಗಕ್ಕಾಗಿ ಅರ್ಜಿ ಸಲ್ಲಿಸಲಾಗುತ್ತಿದೆ ಎಂಬುದನ್ನು ಸ್ಪಷ್ಟವಾಗಿ ನಮೂದಿಸುವುದು. ವರ್ಗವನ್ನು ತಪ್ಪಾಗಿ ನಮೂದಿಸಿದ ಅರ್ಜಿಯಿಂದ ವಿಳಂಬವಾಗುವುದು ಅರ್ಜಿದಾರರಿಗೇ.

ಕೈಮಗ್ಗ ನೇಕಾರರಿಗೆ ಕೇಂದ್ರ ಸರ್ಕಾರದ ಕೈಮಗ್ಗ ಅಭಿವೃದ್ಧಿ ಆಯುಕ್ತರ ಕಚೇರಿಯಿಂದ ‘ಪೆಹಚಾನ್’ ಗುರುತಿನ ಚೀಟಿಗಳನ್ನು ನೀಡಲಾಗಿದೆ. ಗಣತಿಯಲ್ಲಿ ಗುರುತಿಸಲಾದ ಪೂರಕ ಕೆಲಸಗಾರರೂ ಇದಕ್ಕೆ ಅರ್ಹರು. ಮಗ್ಗದ ಮೇಲೆ ಪುರುಷರು ಕುಳಿತು, ಹಾಸು ಮತ್ತು ನೂಲಿನ ಕೆಲಸವನ್ನು ಮಹಿಳೆಯರು ಮಾಡುವ ಮನೆಗಳಲ್ಲಿ ಮಹಿಳೆಯರ ಹೆಸರು ದಾಖಲಾಗದೆ ಉಳಿಯದಂತೆ ನೋಡಿಕೊಳ್ಳುವುದು ಅತ್ಯವಶ್ಯ. ದಾಖಲೆಯಲ್ಲಿ ಹೆಸರಿಲ್ಲದ ಕೆಲಸಗಾರರಿಗೆ ಅವರ ಹೆಸರಿನಲ್ಲಿ ಸೌಲಭ್ಯ ದೊರಕುವುದು ಕಷ್ಟ.

ರಾಜ್ಯದ ನೇಕಾರ ಸಮ್ಮಾನ್ ಯೋಜನೆಯಡಿ 2020ರಲ್ಲಿ ಅರ್ಹ ಕೈಮಗ್ಗ ನೇಕಾರರಿಗೆ ವಾರ್ಷಿಕ ರೂ. 2,000 ನೆರವನ್ನು ನೀಡಲು ಆರಂಭಿಸಲಾಯಿತು. 2022ರಲ್ಲಿ ಈ ಮೊತ್ತವನ್ನು ರೂ. 5,000ಕ್ಕೆ ಹೆಚ್ಚಿಸಲಾಯಿತು. ನೆರವಿನ ಮೊತ್ತವು ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುವುದರಿಂದ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ, ಆಧಾರ್ ಮತ್ತು ಖಾತೆಗಳಲ್ಲಿ ಹೆಸರು ಒಂದೇ ರೀತಿಯಲ್ಲಿದೆಯೇ ಎಂಬುದನ್ನು ಮುಂಚಿತವಾಗಿ ಪರಿಶೀಲಿಸಿಕೊಳ್ಳುವುದು. ನೂಲಿನ ಪೂರೈಕೆ, ರಿಯಾಯಿತಿ ಬಡ್ಡಿಯ ಸಾಲ, ಮಗ್ಗ ಮತ್ತು ಉಪಕರಣಗಳ ನೆರವು, ತರಬೇತಿ ಮುಂತಾದ ಯೋಜನೆಗಳ ಷರತ್ತುಗಳು ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ, ಅರ್ಜಿ ಸಲ್ಲಿಸುವ ಮುನ್ನ ಆಯಾ ವರ್ಷದ ಮಾರ್ಗಸೂಚಿಯನ್ನು ಜಿಲ್ಲಾ ಮಟ್ಟದ ಕಚೇರಿಯಲ್ಲಿ ವಿಚಾರಿಸಿ ತಿಳಿದುಕೊಳ್ಳಬಹುದಾಗಿದೆ.

ಉಪಸಂಹಾರ

1905ರ ಆಗಸ್ಟ್ 7ರಂದು ಪುರಭವನದಲ್ಲಿ ಸೇರಿದ್ದವರ ಕೈಯಲ್ಲಿ ಅಧಿಕಾರವಿರಲಿಲ್ಲ. ತಾವು ತೆರುವ ಹಣವನ್ನು ಯಾರಿಗೆ ತೆರಬೇಕೆಂಬ ತೀರ್ಮಾನ ಮಾತ್ರ ಅವರದಾಗಿತ್ತು. ಆ ತೀರ್ಮಾನವು ಇಂದಿಗೂ ಪ್ರತಿಯೊಬ್ಬ ಗ್ರಾಹಕರ ಕೈಯಲ್ಲಿದೆ. ಬಟ್ಟೆಯನ್ನು ಕೊಳ್ಳುವ ಮುನ್ನ ಅದು ಯಾವ ಮಗ್ಗದ್ದೆಂದು ಕೇಳುವುದು ಮತ್ತು ಗುರುತನ್ನು ನೋಡುವುದು ಈ ದಿನದ ಆಚರಣೆಯಲ್ಲಿ ಪಾಲ್ಗೊಳ್ಳುವ ಅತ್ಯಂತ ಸರಳ ವಿಧಾನ. ಹಾಗೆ ಕೇಳಿದಾಗ ದೊರೆಯುವ ನಿಜವಾದ ಉತ್ತರದಿಂದ ನೇಕಾರರಿಗೆ ಕೂಲಿಯೂ, ಕೊಂಡವರಿಗೆ ಕೊಟ್ಟ ಬೆಲೆಗೆ ತಕ್ಕ ವಸ್ತ್ರವೂ ಲಭಿಸುತ್ತವೆ. ಸಾರ್ವಜನಿಕರು ವರ್ಷಕ್ಕೊಮ್ಮೆ ನಡೆಯುವ ಮೇಳಗಳಲ್ಲಿ ಮಾತ್ರವಲ್ಲದೆ ವರ್ಷದ ಉಳಿದ ದಿನಗಳಲ್ಲಿಯೂ ಕೈಮಗ್ಗದ ವಸ್ತ್ರಗಳನ್ನು ಪ್ರೋತ್ಸಾಹಿಸಬೇಕೆಂದು ಕೋರಲಾಗಿದೆ.